ಹೆತ್ತವರ ಋಣದ ಮಾತೆತ್ತಿದರೆ ಪ್ರಗತಿವಿರೋಧಿಯಾಗುತ್ತೇವೆಯೇ?

ಬಸವನಗುಡಿಯವರು:
ನಮ್ಮ ಬೀದಿಯ ಹಿರಿಯರೊಬ್ಬರು, ಮಗನಿಗೆ ದಾನಪತ್ರ ಮಾಡಿಕೊಟ್ಟ ಮನೆಯನ್ನು ಹಿಂಪಡೆಯಲು ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆಯುತ್ತಿದ್ದಾರೆ. ಪತ್ರಗಳ ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿರುವ ಅವರನ್ನು ಕಂಡಾಗಲೆಲ್ಲ, ವ್ಯಕ್ತಿಯ ಆಯ್ಕೆಯೇ ದೊಡ್ಡದೆನ್ನುವ ಉದಾರವಾದಿ ನೀತಿಯು ಹುಟ್ಟಿನೊಂದಿಗೇ ಬರುವ ಋಣಗಳಿಗೆ ಜಾಗವನ್ನೇ ಉಳಿಸಿಲ್ಲವೆಂದು ನನಗೆ ಅನ್ನಿಸುತ್ತದೆ. ಆ ಜಾಗಕ್ಕೆ 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತು. ಮಕ್ಕಳು ಹೆತ್ತವರಿಗೆ ಕೊಡಬೇಕಾದ್ದು ತಿಂಗಳಿಗೆ 10,000 ರೂಪಾಯಿ ಮೀರದ ಜೀವನಾಂಶವೆಂಬ ಲೆಕ್ಕವೂ ಬಂತು. ಇದನ್ನು ಹೇಳಿದರೆ ಪ್ರಗತಿಪರ ಗೆಳೆಯರು ನನ್ನನ್ನು ಪಾಳೇಗಾರಿ ಮನಸ್ಸಿನವನೆನ್ನುತ್ತಾರೆ. ಉದಾರವಾದದ ಮೇಲಿನ ನನ್ನ ಈ ಟೀಕೆಗೆ ಅವರಲ್ಲಿ ಉತ್ತರವಿದೆಯೇ?

ಜಯನಗರದವರು:
ಇದೆ, ಸರ್. ಋಣ ಮಗನದು, ತೀರಿಸಿದವಳು ಸೊಸೆ. ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದ ಮೂರು ವರ್ಷ, ಬೆಳಗಿನ ಐದಕ್ಕೆ ಎದ್ದು ಅವರ ಮೈ ಒರೆಸಿ, ಗಂಜಿ ಕುಡಿಸಿ ಕೆಲಸಕ್ಕೆ ಹೊರಡುತ್ತಿದ್ದವಳು ನಾನು. ಪ್ರೀತಿಯಿಂದಲೇ ಮಾಡಿದೆ, ಆದರೆ ನನ್ನ ತಾಯಿಗೆ ಕಾಯಿಲೆಯಾದಾಗ ತವರಿಗೆ ಹೋಗಲು ಅಪ್ಪಣೆ ಕೇಳಬೇಕಾಯಿತು. ನೀವು ಹೇಳುವ ಕಾಯ್ದೆಯಲ್ಲಿ ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಹೆತ್ತವರ ಹೊಣೆಯಲ್ಲಿ ಮಗಳನ್ನು ಮಗನ ಜೊತೆಗೇ ಎಣಿಸಿದ್ದು ಕಾನೂನು, ನಮ್ಮ ಮನೆಯ ಪದ್ಧತಿಯಲ್ಲ.

ಮಲ್ಲೇಶ್ವರದ ವಕೀಲ:
ಮೇಡಂ ಹೇಳಿದ್ದು ನಿಜ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಸಮಪಾಲು ಸಿಕ್ಕಿತು. ಪಾಲಿನ ಹಿಂದೆ ಹೊಣೆಯೂ ಬರುವುದು ನ್ಯಾಯ. ಆದರೂ ಸಂಪ್ರದಾಯವಾದಿ ಟೀಕೆಗೆ ಬಲವಿರುವ ಜಾಗವೊಂದನ್ನು ನನ್ನ ವೃತ್ತಿಯಲ್ಲೇ ಕಂಡಿದ್ದೇನೆ. ಈ ಕಾಯ್ದೆಯ 23ನೇ ಕಲಮಿನ ಪ್ರಕಾರ, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದರೆ ಹಿಂಪಡೆಯಬಹುದು. ಆ ಒಂದು ಸಾಲನ್ನು ಬರೆಸಿರೆಂದರೆ ತಂದೆಯರು ನೊಂದುಕೊಳ್ಳುತ್ತಾರೆ. ಹೆತ್ತ ಮಗನಿಗೆ ಷರತ್ತು ಹಾಕುವುದೇ ಎಂದು ಕೇಳಿ ಒಬ್ಬರು ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದೇ ಹೋದರು. ನಂಬಿಕೆಯಲ್ಲಿ ಬಾಳಿದವರಿಗೆ ಕರಾರಿನ ಭಾಷೆ ಬರುವುದಿಲ್ಲ. ಆಯ್ಕೆ ಮತ್ತು ಒಪ್ಪಂದದ ಮಾತನ್ನೇ ಆಡುವ ರಾಜಕಾರಣ ಅವರ ನಷ್ಟವನ್ನು ಎಣಿಸುವುದೇ ಇಲ್ಲ.

ಬಸವನಗುಡಿಯವರು:
ಮೇಡಂ, ಸೊಸೆಯ ದುಡಿಮೆಯನ್ನು ನಾನು ಮರೆತಿದ್ದೆ. ನಮ್ಮ ಮನೆಯಲ್ಲೂ ನನ್ನ ತಾಯಿಯನ್ನು ನೋಡಿಕೊಂಡವಳು ನನ್ನ ಹೆಂಡತಿಯೇ. ಋಣವನ್ನು ಗಂಡಸರೂ ತಮ್ಮ ಕೈಯಾರೆ ತೀರಿಸಬೇಕೆಂದು ತಿದ್ದಿಕೊಳ್ಳುತ್ತೇನೆ, ಋಣವೇ ಇಲ್ಲವೆಂಬುದನ್ನು ಮಾತ್ರ ಒಪ್ಪಲಾರೆ. ವಕೀಲರೇ, ಆ ಹಿರಿಯರ ಪತ್ರದಲ್ಲಿ ಷರತ್ತಿನ ಸಾಲು ಇದೆಯೋ ಇಲ್ಲವೋ ನಾಳೆ ಬೆಳಗ್ಗೆ ಅವರ ಮನೆಗೆ ಹೋಗಿ ನೋಡಿ ತಿಳಿಸುತ್ತೇನೆ.