ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಆಫ್: 1086 ಸಿಸಿ ಕೊರಿಯನ್ ಹ್ಯಾಚ್‌ಬ್ಯಾಕ್

ಬೆಳ್ಳಿ ಹ್ಯಾಚ್:
ಗಾಡಿ: ಕೊರಿಯನ್ ಕಂಪನಿಯ ಸಣ್ಣ ಹ್ಯಾಚ್‌ಬ್ಯಾಕ್, 1086 ಸಿಸಿ ಪೆಟ್ರೋಲ್, ಮ್ಯಾನುಯಲ್ ಗೇರ್, ಸೆಕೆಂಡ್ ಹ್ಯಾಂಡ್. ಓಡಿದ್ದು 92,000 ಕಿ.ಮೀ.

ತೊಂದರೆ: ಎಂಜಿನ್ ಬಿಸಿಯಾದ ಮೇಲೆ ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ತಿರುಗುವ ವೇಗ) ಕುಸಿದು ಆಫ್ ಆಗುತ್ತೆ. ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್. ಎಸಿ ಇಲ್ಲದಿದ್ದರೆ ಆಫ್ ಆಗಲ್ಲ, ಆದರೆ ಸ್ಟೀರಿಂಗ್‌ನಲ್ಲಿ ನಡುಕ ಇರುತ್ತೆ. ಇದರ ಜೊತೆಗೆ, ಏರಿನಲ್ಲಿ ಮೂರನೇ ಗೇರ್ ಹಾಕಿ ಆಕ್ಸಿಲರೇಟರ್ ತುಳಿದರೆ ಒಮ್ಮೊಮ್ಮೆ ಜಗ್ಗುತ್ತೆ. ಚೆಕ್ ಎಂಜಿನ್ ಲೈಟ್ ಹತ್ತಿಲ್ಲ. ಏರ್ ಫಿಲ್ಟರ್ ಹೊಸದು, ಎಂಜಿನ್ ಆಯಿಲ್ ಇತ್ತೀಚೆಗೆ ಬದಲಾಗಿದೆ. ಪೆಟ್ರೋಲ್ ಪಂಪ್ ಹೋಗಿದೆ, ಪೂರ್ತಿ ಅಸೆಂಬ್ಲಿ ಬದಲಿಸಿ ಅಂತ ಒಬ್ಬರು ಮೆಕ್ಯಾನಿಕ್ ಹೇಳಿದ್ದಾರೆ. ಅದಕ್ಕೂ ಮೊದಲು ಏನೇನು ನೋಡಬೇಕು?

ನ್ಯೂಟ್ರಲ್:
ಇಂಜೆಕ್ಟರ್ ಕ್ಲೀನರ್ ಒಂದು ಬಾಟಲಿ ಟ್ಯಾಂಕ್‌ಗೆ ಸುರಿದು, ಆ ಟ್ಯಾಂಕ್ ಪೂರ್ತಿ ಓಡಿಸಿ ನೋಡಿ. ಕಸ ಇದ್ದರೆ ಹೋಗುತ್ತೆ.

ಹತ್ತರ ಸ್ಪ್ಯಾನರ್:
ಪಂಪ್ ತಂಟೆಗೆ ಈಗಲೇ ಹೋಗಬೇಡಿ ಸರ್. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯೋ ಪೆಟ್ರೋಲ್ ತೀರಾ ಕಡಿಮೆ, ಸೋತ ಪಂಪ್ ಕೂಡ ಅಷ್ಟನ್ನು ಕೊಡುತ್ತೆ. ಪಂಪ್ ಅಥವಾ ಫ್ಯೂಯೆಲ್ ಫಿಲ್ಟರ್ ಕೆಟ್ಟರೆ ಮೊದಲು ಗೊತ್ತಾಗೋದು ಲೋಡ್ ಬಿದ್ದಾಗ: ನಾಲ್ಕನೇ ಗೇರ್‌ನಲ್ಲಿ ಪೂರ್ತಿ ತುಳಿದರೂ ಪಿಕಪ್ ಇರಲ್ಲ, ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೀಬೇಕಾಗುತ್ತೆ. ಏರಿನಲ್ಲಿ ಜಗ್ಗೋದು ಬೇರೆ ಕಾಯಿಲೆ ಅನ್ಸುತ್ತೆ, ಅದಕ್ಕೆ ಆಮೇಲೆ ಬರೋಣ.

ನ್ಯೂಟ್ರಲ್ ಅವರೇ, ಕ್ಲೀನರ್‌ನಿಂದ ಕೆಡುಕೇನಿಲ್ಲ. ಆದರೆ ನನ್ನ ಅನುಮಾನ ಥ್ರಾಟಲ್ ಬಾಡಿ, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲಿನ ಮೇಲೆ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಇರೋದು ಥ್ರಾಟಲ್ ದಾಟಿದ ಮೇಲೆ, ಇನ್‌ಟೇಕ್ ಪೋರ್ಟ್‌ನ ಬಾಯಲ್ಲಿ. ಟ್ಯಾಂಕ್‌ಗೆ ಸುರಿದದ್ದು ಥ್ರಾಟಲ್ ಬಾಡಿಯನ್ನು ಮುಟ್ಟೋದೇ ಇಲ್ಲ.

ಎಂಜಿನ್ ಹೇಗೆ ಆಫ್ ಆಗುತ್ತೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಮುಂದಿನ ಸಲ ಆರ್‌ಪಿಎಂ ಮುಳ್ಳು ನೋಡಿ. 750ರಿಂದ 600, 500 ಅಂತ ಒದ್ದಾಡಿ ಇಳಿದರೆ ಅದು ಗಾಳಿಯ ಕಡೆಯ ತೊಂದರೆ. ಗಾಡಿ ಗೇರ್‌ನಲ್ಲಿ ಓಡ್ತಿರುವಾಗಲೇ ಮುಳ್ಳು ದಿಢೀರನೆ ಸೊನ್ನೆಗೆ ಬಿದ್ದರೆ ಎಂಜಿನ್ ತಿರುಗೋದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ಹೋಗಿದೆ ಅಂತ ಅರ್ಥ. ಆಗ ಥ್ರಾಟಲ್ ತೊಳೆದು ಪ್ರಯೋಜನ ಇಲ್ಲ. ನಿಂತಾಗ ಎಸಿ ಗಾಳಿ ಬೆಚ್ಚಗಾಗುತ್ತಾ ಅಂತಲೂ ನೋಡಿ. ಎಸಿ ಹಾಕಿದಾಗ ಗ್ಯಾಸ್ ತಣಿಸುವ ಕಂಡೆನ್ಸರ್ ಫ್ಯಾನ್ ತಿರುಗದಿದ್ದರೆ ಗ್ಯಾಸ್ ಪ್ರೆಶರ್ ಏರಿ, ಕಂಪ್ರೆಸರ್ ಭಾರವಾಗಿ, ಸಣ್ಣ ಎಂಜಿನ್‌ನ ಐಡ್ಲಿಂಗ್ ಮಲಗುತ್ತೆ. ಗ್ಯಾಸ್ ಅಳತೆ ಮೀರಿ ತುಂಬಿದ್ದರೂ ಇದೇ ಕಥೆ. ಕೊನೆಗೆ ಬ್ಯಾಟರಿ ವೋಲ್ಟೇಜ್: ಎಂಜಿನ್ ಆಫ್ ಇದ್ದಾಗ ಒಂದು ಸಲ, ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ ಇನ್ನೊಂದು ಸಲ.

ಬೆಳ್ಳಿ ಹ್ಯಾಚ್:
ಮುಳ್ಳು ದಿಢೀರನೆ ಬೀಳಲ್ಲ. ಕಂಪ್ರೆಸರ್ ಟಕ್ ಅಂತ ಹಿಡಿದ ಕೂಡಲೇ 750ರಿಂದ 500ಕ್ಕೆ ಇಳಿದು, ಮೇಲೇಳೋಕೆ ನೋಡಿ, ನಡುಗಿ ಆಫ್. ನಿಂತಾಗಲೂ ಗಾಳಿ ತಣ್ಣಗೇ ಇದೆ, ಫ್ಯಾನ್ ಸರಿಯಾಗಿ ತಿರುಗ್ತಿದೆ. ವೋಲ್ಟೇಜ್ ಎಂಜಿನ್ ಆಫ್ ಇದ್ದಾಗ 12.5, ಲೋಡ್ ಹಾಕಿ ಐಡ್ಲಿಂಗ್‌ನಲ್ಲಿ 13.9.

ಹತ್ತರ ಸ್ಪ್ಯಾನರ್:
ಹಾಗಾದರೆ ಆಲ್ಟರ್ನೇಟರ್, ಫ್ಯಾನ್ ಎರಡೂ ಲೆಕ್ಕದಿಂದ ಹೊರಗೆ. ಉಳಿದದ್ದು ಥ್ರಾಟಲ್ ಬಾಡಿ ಮತ್ತು ಅದಕ್ಕೆ ಅಂಟಿಕೊಂಡಿರೋ ಐಡಲ್ ವಾಲ್ವ್, ಅಂದರೆ ಐಎಸ್‌ಸಿ.

1086 ಸಿಸಿ ಅಂದರೆ ಎಪ್ಸಿಲಾನ್ ಎಂಜಿನ್, ಸ್ಯಾಂಟ್ರೊ ಜಿಂಗ್, ಐ10 1.1 ಎರಡರಲ್ಲೂ ಇದ್ದದ್ದು. ಆಕ್ಸಿಲರೇಟರ್‌ನಿಂದ ಥ್ರಾಟಲ್‌ಗೆ ನೇರ ಕೇಬಲ್. ಕಾಲು ತೆಗೆದಾಗ ಥ್ರಾಟಲ್ ಒಳಗಿನ ತಟ್ಟೆ (ಬಟರ್‌ಫ್ಲೈ) ಮುಚ್ಚಿಕೊಳ್ಳುತ್ತೆ, ಆಗ ಎಂಜಿನ್‌ಗೆ ಬೇಕಾದ ಗಾಳಿ ಪಕ್ಕದ ಸಣ್ಣ ದಾರಿಯಲ್ಲಿ ಐಎಸ್‌ಸಿ ಮೂಲಕ ಹೋಗಬೇಕು. ಎಂಜಿನ್ ಒಳಗಿನ ಹಬೆಯನ್ನು ಇನ್‌ಟೇಕ್‌ಗೆ ಸೇರಿಸುವ ಪಿಸಿವಿ ಹೋಸ್‌ನಿಂದ ಬರುವ ಆಯಿಲ್ ಹಬೆ, ಮಸಿ ಸೇರಿ ಆ ದಾರಿಯಲ್ಲಿ ಕಪ್ಪು ಜಿಡ್ಡು ಕಟ್ಟುತ್ತೆ. ಎಸಿ ಇಲ್ಲದಾಗ ಇಸಿಯು (ಎಂಜಿನ್ ಕಂಪ್ಯೂಟರ್) ಹೇಗೋ ಸರಿದೂಗಿಸುತ್ತೆ. ಕಂಪ್ರೆಸರ್ ಹಿಡಿದಾಗ ವಾಲ್ವ್ ಥಟ್ಟನೆ ಇನ್ನಷ್ಟು ತೆರೆದು ಆರ್‌ಪಿಎಂ ಸುಮಾರು 850ಕ್ಕೆ ಏರಿಸಬೇಕು. ಜಿಡ್ಡಿಗೆ ಅಂಟಿಕೊಂಡ ವಾಲ್ವ್ ತಡವಾಗಿ ತೆರೆಯುತ್ತೆ, ಅಷ್ಟರಲ್ಲಿ ಎಂಜಿನ್ ಹೋಗಿರುತ್ತೆ.

ಬಿಚ್ಚುವ ಮೊದಲು ಒಂದು ಪರೀಕ್ಷೆ. ಎಸಿ ಹಾಕುವಾಗ ಆಕ್ಸಿಲರೇಟರ್ ಕೂದಲೆಳೆಯಷ್ಟು ಒತ್ತಿ 1,000 ಆರ್‌ಪಿಎಂನಲ್ಲಿ ಹಿಡಿದುಕೊಳ್ಳಿ. ಎಂಜಿನ್ ನಡುಗದೆ ನಿಂತರೆ ಪೆಟ್ರೋಲ್ ಸರಿಯಾಗಿ ಬರ್ತಿದೆ, ಗಾಳಿಯೇ ಕಮ್ಮಿ. ಆಗಲೂ ನಡುಗಿದರೆ ಕರೆಂಟ್ ಕಡೆ, ಅಂದರೆ ಸ್ಪಾರ್ಕ್ ಪ್ಲಗ್, ಅದರ ವೈರ್ ನೋಡಬೇಕು.

ತೊಳೆಯೋದು ಹೀಗೆ. ಎಂಜಿನ್ ತಣ್ಣಗಿರಲಿ, ಕೀ ತೆಗೆಯಿರಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಏರ್ ಫಿಲ್ಟರ್‌ನಿಂದ ಬರುವ ದಪ್ಪ ರಬ್ಬರ್ ಹೋಸ್‌ನ ಕ್ಲಾಂಪ್ ಸಡಿಲಿಸಿ ಎಳೆಯಿರಿ. ಬಟರ್‌ಫ್ಲೈಯನ್ನು ಕೈಯಲ್ಲಿ ತೆರೆದು ಅದರ ಹಿಂಬದಿ ನೋಡಿ. ಜಿಡ್ಡು ಇರೋದು ಅಲ್ಲಿ, ಮುಂದಿನಿಂದ ನೋಡಿದರೆ ಎಲ್ಲ ಕ್ಲೀನಾಗೇ ಕಾಣುತ್ತೆ. ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಅಂಚು ಸುತ್ತ ಒರೆಸಿ. ನೂಲು ಬಿಡದ ಬಟ್ಟೆ ಬೇಕು. ಗಟ್ಟಿಯಾದ ಜಿಡ್ಡಿಗೆ ಹಳೇ ಟೂತ್‌ಬ್ರಷ್ ಸಾಕು. ಸ್ಕ್ರೂಡ್ರೈವರ್, ಉಪ್ಪುಕಾಗದ ಬೇಡವೇ ಬೇಡ. ನೇರ ಸ್ಪ್ರೇ ಹೊಡೆಯುವುದಾದರೆ ಒಂದೆರಡು ಸೆಕೆಂಡ್, ಹರಿದು ಬಂದದ್ದನ್ನು ಬಟ್ಟೆಯಲ್ಲಿ ಹೀರಿ. ಸುರಿದಂತೆ ಹೊಡೆದರೆ ದ್ರಾವಣ ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ ಇಳಿದು ಅದೂ ಕೆಡುತ್ತೆ.

ಐಎಸ್‌ಸಿಯನ್ನು ಕನೆಕ್ಟರ್ ತೆಗೆದು, ಸ್ಕ್ರೂ ಬಿಚ್ಚಿ ಹೊರಗೆ ತನ್ನಿ. ಈ ಸ್ಕ್ರೂಗಳು ಜಾಮ್ ಆಗಿರ್ತವೆ, ತಲೆಗೆ ಸರಿಯಾಗಿ ಕೂರುವ ಬಿಟ್ ಹಿಡಿದು ಒತ್ತಿ ತಿರುಗಿಸಿ, ಇಲ್ಲದಿದ್ದರೆ ತಲೆ ಸವೆದು ಹೋಗುತ್ತೆ. ಗಾಳಿ ಹೋಗುವ ಬಾಯಿಯನ್ನಷ್ಟೇ ತೊಳೆಯಿರಿ, ಮೋಟಾರ್ ಭಾಗ ಮೇಲಿರುವ ಹಾಗೆ ಹಿಡಿದುಕೊಳ್ಳಿ. ಕ್ಲೀನರ್‌ನಲ್ಲಿ ಅದ್ದಿ ಇಡಬೇಡಿ. ಗ್ಯಾಸ್ಕೆಟ್ ಅಥವಾ ಓ-ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ.

ಥ್ರಾಟಲ್ ಕೇಬಲ್ ಹತ್ತಿರ ಒಂದು ಸಣ್ಣ ಸ್ಟಾಪ್ ಸ್ಕ್ರೂ ಇರುತ್ತೆ. ಎಷ್ಟೋ ಗ್ಯಾರೇಜ್‌ಗಳಲ್ಲಿ ಇದನ್ನು ತಿರುಗಿಸಿ ಐಡ್ಲಿಂಗ್ ಏರಿಸಿ ಕಳಿಸಿಬಿಡ್ತಾರೆ. ಮುಟ್ಟಬೇಡಿ. ಬಟರ್‌ಫ್ಲೈ ಪೂರ್ತಿ ಮುಚ್ಚಿದ ಸ್ಥಾನವನ್ನೇ ಆಧಾರವಾಗಿಟ್ಟುಕೊಂಡು ಇಸಿಯು ಲೆಕ್ಕ ಹಾಕೋದು, ಅದು ಕೆಟ್ಟರೆ ಮುಂದೆ ಏನು ಮಾಡಿದರೂ ಐಡ್ಲಿಂಗ್ ನೆಟ್ಟಗಾಗಲ್ಲ.

ಫ್ಯೂಸ್ ಬಾಕ್ಸ್:
ತೊಳೆದ ಮೇಲೂ ಐಎಸ್‌ಸಿ ಮೇಲೆ ಅನುಮಾನ ಇದ್ದರೆ ಮಲ್ಟಿಮೀಟರ್ ಹಿಡೀರಿ. ಮೂರು ಪಿನ್ನಿನ ವಾಲ್ವ್ ಆದರೆ ನಡುವಿನದು ಸಪ್ಲೈ, ಎರಡು ಬದಿಗೆ ಎರಡು ಕಾಯಿಲ್: ಒಂದು ತೆರೆಯೋದಕ್ಕೆ, ಇನ್ನೊಂದು ಮುಚ್ಚೋದಕ್ಕೆ. ನಡುವಿನಿಂದ ಒಂದೊಂದು ಬದಿಗೂ ಸುಮಾರು 10ರಿಂದ 20 ಓಮ್ ಒಳಗೆ ಬರಬೇಕು. ಒಂದು ಕಡೆ ಓಪನ್ ತೋರಿಸಿದರೆ ವಾಲ್ವ್ ಸತ್ತಿದೆ.

ಏರಿನಲ್ಲಿ ಜಗ್ಗೋದು ನನ್ನ ಪ್ರಕಾರ ಪ್ಲಗ್ ವೈರ್. ಈ ಎಂಜಿನ್‌ನಲ್ಲಿ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. 1 ಮತ್ತು 4ನೇ ಸಿಲಿಂಡರ್‌ಗೆ ಒಂದು ಕಾಯಿಲ್, 2 ಮತ್ತು 3ಕ್ಕೆ ಒಂದು. ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಬಿರುಕು ಬಿಟ್ಟ ವೈರ್ ಆಗ ಪಕ್ಕದ ಲೋಹಕ್ಕೆ ಕಿಡಿ ಸೋರಿಸುತ್ತೆ. ಪೂರ್ತಿ ಕತ್ತಲಲ್ಲಿ ಬಾನೆಟ್ ಎತ್ತಿ, ಐಡ್ಲಿಂಗ್‌ನಲ್ಲಿ ವೈರ್‌ಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ. ನೀಲಿ ಕಿಡಿ ಓಡಾಡಿದರೆ ಅಲ್ಲೇ ಸಿಕ್ಕಿತು. ಓಡ್ತಿರುವ ಎಂಜಿನ್‌ನ ವೈರ್ ಕೈಯಲ್ಲಿ ಮುಟ್ಟಬೇಡಿ.

ಅಳತೆ ಬೇಕಾದರೆ ನಾಲ್ಕೂ ವೈರ್ ಬಿಚ್ಚಿ ಓಮ್ ನೋಡಿ. ಉದ್ದಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಇರೋದು ಸಹಜ, ಮೀಟರ್ ಉದ್ದಕ್ಕೆ ಸುಮಾರು 5,000ದಿಂದ 6,000 ಓಮ್ ಲೆಕ್ಕ ಇಟ್ಟುಕೊಳ್ಳಿ. ಒಂದೇ ಒಂದು ವೈರ್ ಲೆಕ್ಕಕ್ಕೆ ಸಿಗದಷ್ಟು ಜಾಸ್ತಿ ಇದ್ದರೆ ಸೆಟ್ ಪೂರ್ತಿ ಬದಲಿಸಿ, ಒಂದನ್ನೇ ಅಲ್ಲ. ಜೊತೆಗೆ ಪ್ಲಗ್ ತೆಗೆದು ಗ್ಯಾಪ್ ನೋಡಿ: 1.0ರಿಂದ 1.1 ಮಿ.ಮೀ. ಸವೆದು 1.3 ಆಗಿದ್ದರೆ ವೈರ್ ಮೇಲೆ ಬೀಳುವ ಭಾರವೂ ಅಷ್ಟೇ ಜಾಸ್ತಿ. ಬಿಗಿ ಮಾಡುವಾಗ 20ರಿಂದ 30 ನ್ಯೂಟನ್ ಮೀಟರ್ ಮೀರಬೇಡಿ, ಹೆಡ್ ಅಲ್ಯುಮಿನಿಯಂ.

ಬೆಳ್ಳಿ ಹ್ಯಾಚ್:
ತೊಳೆದಾಯ್ತು. ಬಟರ್‌ಫ್ಲೈ ಹಿಂದೆ ಹೇಳಿದ ಹಾಗೇ ಇತ್ತು, ಅಂಚಿನ ಸುತ್ತ ಕಪ್ಪು ಉಂಗುರ ಕಟ್ಟಿತ್ತು; ಐಎಸ್‌ಸಿ ಬಾಯಿ ಅರ್ಧಕ್ಕರ್ಧ ಮುಚ್ಚಿತ್ತು. ಕಾಯಿಲ್ ಎರಡೂ ಕಡೆ ರೀಡಿಂಗ್ ಸರಿಯಾಗಿದೆ. ಎರಡನೇ ಸಿಲಿಂಡರ್‌ನ ವೈರ್‌ನ ಬೂಟ್ (ಪ್ಲಗ್ ಮೇಲೆ ಕೂರುವ ರಬ್ಬರ್ ಟೋಪಿ) ಒಳಗೆ ಬಿಳಿ ಗೆರೆ ಇದೆ, ಓಮ್ ಮಿಕ್ಕವುಗಳ ಮೂರು ಪಟ್ಟು. ವೈರ್ ಸೆಟ್, ನಾಲ್ಕು ಪ್ಲಗ್ ಹೊಸದು ಹಾಕಿದ ಮೇಲೆ ಏರಿನಲ್ಲಿ ಜಗ್ಗೋದು ನಿಂತಿದೆ. ಎಸಿ ಹಾಕಿದರೆ ಆಫ್ ಆಗ್ತಿಲ್ಲ. ಆದರೆ ಈಗ ಐಡ್ಲಿಂಗ್ 1,200ರಲ್ಲೇ ನಿಂತಿದೆ, ಕೆಳಗೆ ಇಳೀತಿಲ್ಲ.

ಫ್ಯೂಸ್ ಬಾಕ್ಸ್:
ಬೂಟ್ ಒಳಗಿನ ಬಿಳಿ ಗೆರೆ ಕಿಡಿ ಓಡಾಡಿದ ದಾರಿ. ಹಳೇ ಪ್ಲಗ್‌ನ ಪಿಂಗಾಣಿ ಮೇಲೂ ಅದಕ್ಕೆ ಸರಿಯಾಗಿ ಒಂದು ಗೆರೆ ಇರುತ್ತೆ, ಹಾಗಾಗಿಯೇ ವೈರ್ ಜೊತೆ ಪ್ಲಗ್ ಕೂಡ ಹೊಸದು ಬೇಕು.

ಹತ್ತರ ಸ್ಪ್ಯಾನರ್:
1,200ಕ್ಕೆ ಎರಡು ಕಾರಣ ಇರಬಹುದು. ಮೊದಲನೆಯದು ಇಸಿಯು ಇನ್ನೂ ಹಳೇ ಜಿಡ್ಡಿನ ಲೆಕ್ಕದಲ್ಲೇ ವಾಲ್ವ್ ತೆರೆದಿಟ್ಟಿದೆ. ನೆಗೆಟಿವ್ ಮತ್ತೆ ಬಿಚ್ಚಿ 15 ನಿಮಿಷ ಬಿಡಿ. ಜೋಡಿಸಿ, ಎಸಿ, ಲೈಟ್ ಎಲ್ಲ ಆಫ್ ಇಟ್ಟು, ಕೀಯನ್ನು ಆನ್ ಸ್ಥಾನದಲ್ಲಿ 10 ಸೆಕೆಂಡ್ ಇಡಿ. ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಹಾಗೇ ಬಿಡಿ. ಆಮೇಲೆ ಎಸಿ ಹಾಕಿ ಐದು ನಿಮಿಷ. ಗಾಡಿ ಬಯಲಲ್ಲಿ ನಿಲ್ಲಿಸಿ ಮಾಡಿ, ಮುಚ್ಚಿದ ಗ್ಯಾರೇಜ್‌ನಲ್ಲಿ ಹೊಗೆ ತುಂಬಿಕೊಂಡರೆ ಅಪಾಯ.

ಅದಾದ ಮೇಲೂ ಇಳಿಯದಿದ್ದರೆ ಎಲ್ಲೋ ಗಾಳಿ ಸೋರ್ತಿದೆ. ಈ ಗಾಡಿಯಲ್ಲಿ ಗಾಳಿ ಅಳೆಯೋದು ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ನೋಡಿ ಲೆಕ್ಕ. ಕದ್ದು ಬಂದ ಗಾಳಿಯೂ ಆ ಒತ್ತಡದಲ್ಲಿ ಸೇರಿಹೋಗುತ್ತೆ, ಇಸಿಯು ಅದಕ್ಕೂ ಪೆಟ್ರೋಲ್ ಕೊಡುತ್ತೆ, ಆರ್‌ಪಿಎಂ ಏರುತ್ತೆ. ಐಎಸ್‌ಸಿ ಗ್ಯಾಸ್ಕೆಟ್ ಸೊಟ್ಟ ಕೂತಿದೆಯಾ, ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ಹೋಸ್ ಬಿಟ್ಟುಹೋಗಿದೆಯಾ ನೋಡಿ. ಹೋಸ್‌ಗಳನ್ನು ಒಂದೊಂದಾಗಿ ಪ್ಲೈಯರ್‌ನಲ್ಲಿ ಮೆಲ್ಲಗೆ ಅದುಮಿ. ಯಾವುದನ್ನು ಅದುಮಿದಾಗ ಐಡ್ಲಿಂಗ್ ಇಳಿಯುತ್ತೋ ಸೋರಿಕೆ ಆ ಕಡೆ.

ಬೆಳ್ಳಿ ಹ್ಯಾಚ್:
ರೀಸೆಟ್‌ನಿಂದ 900ಕ್ಕೆ ಬಂತು. ಪಿಸಿವಿ ಹೋಸ್‌ನ ತುದಿ ಸೀಳಿತ್ತು, ಹೊಸದು ಹಾಕಿದ ಮೇಲೆ 750. ಎಸಿ ಹಾಕಿದಾಗ ಒಮ್ಮೆ ಸ್ವಲ್ಪ ಬಗ್ಗಿ 850ರಲ್ಲಿ ನಿಲ್ಲುತ್ತೆ. ಸ್ಟೀರಿಂಗ್ ನಡುಕ ಮಾತ್ರ ಸ್ವಲ್ಪ ಉಳಿದಿದೆ.

ಟ್ಯಾಪೆಟ್:
ಉಳಿದ ನಡುಕಕ್ಕೆ ಎಂಜಿನ್ ಕೂರುವ ರಬ್ಬರ್ ಮೌಂಟ್ ನೋಡಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ಕ್ಲಚ್ ಸ್ವಲ್ಪವೇ ಬಿಡ್ತಾ ಒಬ್ಬರು ಕೂತಿರಲಿ, ಇನ್ನೊಬ್ಬರು ಗಾಡಿಯ ಪಕ್ಕದಲ್ಲಿ ನಿಂತು ನೋಡಲಿ, ಎದುರಿಗೆ ಬೇಡ. ಎಂಜಿನ್ ಕೈ ಅಗಲ ಎದ್ದು ಕೂತರೆ ರಬ್ಬರ್ ಹರಿದಿದೆ.

ಅದಕ್ಕಿಂತ ಮುಖ್ಯವಾದದ್ದು ಯಾರೂ ಕೇಳಿಲ್ಲ: ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ? ಎಪ್ಸಿಲಾನ್‌ನಲ್ಲಿ ಚೈನ್ ಇಲ್ಲ. 92,000 ಓಡಿದ ಸೆಕೆಂಡ್ ಹ್ಯಾಂಡ್ ಗಾಡಿಗೆ ಬಿಲ್ ಸಿಗದಿದ್ದರೆ ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ. ಬೆಲ್ಟ್ ತುಂಡಾದರೆ ಪಿಸ್ಟನ್ ಬಂದು ವಾಲ್ವ್‌ಗೆ ಹೊಡೆದು ಹೆಡ್ ಇಳಿಸುವ ಕೆಲಸ ಬೀಳುತ್ತೆ. ಬೆಲ್ಟ್ ಜೊತೆ ಟೆನ್ಷನರ್ ಬೇರಿಂಗ್ ಕೂಡ ಹೊಸದು ಹಾಕಿಸಿ. ವಾಟರ್ ಪಂಪ್ ಹತ್ತಿರ ಕೂಲಂಟ್ ಕಲೆ ಇದ್ದರೆ ಅದನ್ನೂ ಒಟ್ಟಿಗೇ, ಇಲ್ಲದಿದ್ದರೆ ಮತ್ತೆ ಅದೇ ಬಿಚ್ಚುವ ಕೂಲಿ. ಹಲ್ಲು ಒಂದು ಜಾರಿ ಕೂತಿದ್ದರೂ ಐಡ್ಲಿಂಗ್ ನಡುಗುತ್ತೆ, ಪಿಕಪ್ ಇಳಿಯುತ್ತೆ. ಕವರ್ ತೆಗೆದಾಗ ಪುಲ್ಲಿಗಳ ಮೇಲಿನ ಟೈಮಿಂಗ್ ಗುರುತುಗಳು ಎದುರುಬದುರು ಇವೆಯಾ ಅಂತ ಬೆಲ್ಟ್ ಬಿಚ್ಚುವ ಮುಂಚೆಯೇ ಫೋಟೊ ತೆಗೆಸಿ.

ನ್ಯೂಟ್ರಲ್:
ಐ10 1.2ಕ್ಕೂ ಬೆಲ್ಟ್ ಇದೆಯಾ?

ಟ್ಯಾಪೆಟ್:
ಇಲ್ಲ. 1197 ಸಿಸಿ ಕಪ್ಪಾ ಎಂಜಿನ್‌ಗೆ ಚೈನ್. ಕಿಲೋಮೀಟರ್ ಲೆಕ್ಕದಲ್ಲಿ ಬದಲಿಸೋದಿಲ್ಲ, ಆದರೆ ಆಯಿಲ್ ಕಮ್ಮಿಯಾಗಿ ಓಡಿಸಿದರೆ ಟೆನ್ಷನರ್ ಸಡಿಲವಾಗುತ್ತೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡ್ ಎಂಜಿನ್‌ನ ಆಲ್ಟರ್ನೇಟರ್ ಬೆಲ್ಟ್ ಇರುವ ಕಡೆಯಿಂದ ಚೈನ್ ಗಲಗಲ ಅಂದರೆ ಮೊದಲು ಡಿಪ್‌ಸ್ಟಿಕ್ ನೋಡಿ. ಥ್ರಾಟಲ್ ತೊಳೆಯುವ ಮೊದಲು ನಿಮ್ಮದರಲ್ಲಿ ಆಕ್ಸಿಲರೇಟರ್ ಕೇಬಲ್ ಇದೆಯಾ ನೋಡಿಕೊಳ್ಳಿ. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬಟರ್‌ಫ್ಲೈಯನ್ನು ಬೆರಳಲ್ಲಿ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಗೇರ್ ಹಲ್ಲು ಮುರಿಯುತ್ತೆ.