ಕಿಡ್ನಿ ಫೇಲ್ ಆದವರಿಗೆ ಅಂಗವಿಕಲ ಪಿಂಚಣಿ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಸಿಗುತ್ತಾ? (ಹಾಸನ ಜಿಲ್ಲೆ)

ಹೇಮಾವತಿ_ದಡ:
ಎಲ್ಲರಿಗೂ ನಮಸ್ಕಾರ. ನಮ್ಮ ಭಾವನವರ (ಅಕ್ಕನ ಯಜಮಾನರು) ಪರವಾಗಿ ಕೇಳುತ್ತಿದ್ದೇನೆ. ವಯಸ್ಸು 46, ಊರು ಸಕಲೇಶಪುರದ ಹತ್ತಿರ. ಎರಡೂ ಕಿಡ್ನಿ ಹೋಗಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಹಾಸನದ ಒಂದು ಗಾರ್ಮೆಂಟ್ಸ್‌ನಲ್ಲಿ ಆರು ವರ್ಷದಿಂದ ಕೆಲಸ, ಸಂಬಳ 15,000, ಇಎಸ್‌ಐ (ಕಾರ್ಮಿಕರ ವಿಮೆ) ಕಟ್ ಆಗುತ್ತೆ. ಈಗ ಸಂಬಳವಿಲ್ಲದ ರಜೆಯಲ್ಲಿದ್ದಾರೆ. ರಾಜೀನಾಮೆ ಕೊಟ್ಟು ಪಿಎಫ್ ತೆಗೆಯೋಣ ಅಂತಿದ್ದಾರೆ. ಸಕ್ಕರೆ ಕಾಯಿಲೆ ಹಳೆಯದು. ಅದರಿಂದ ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣು ಪರವಾಗಿಲ್ಲ. ಎಡಗಾಲಿನ ಬೆರಳುಗಳನ್ನು ತೆಗೆದಿದ್ದಾರೆ. ರೇಷನ್ ಕಾರ್ಡ್ ಎಪಿಎಲ್.

ಯೂಟ್ಯೂಬ್‌ನಲ್ಲಿ ಡಯಾಲಿಸಿಸ್‌ನವರಿಗೆ ತಿಂಗಳಿಗೆ 10,000 ಪಿಂಚಣಿ ಅಂತ ಬರುತ್ತಿದೆ. ಇಲ್ಲಿ ಒಬ್ಬರು "ಕಿಡ್ನಿ ಮೇಲೇ 75 ಪರ್ಸೆಂಟ್ ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳುತ್ತಿದ್ದಾರೆ. ನಿಜಕ್ಕೂ ಏನು ಸಿಗುತ್ತೆ? ಮೊದಲು ಯಾವುದಕ್ಕೆ ಓಡಾಡಬೇಕು?

ಪುನರ್ವಸತಿ_ಕಡತ:
ದಯವಿಟ್ಟು ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಹಿಮೋಫಿಲಿಯಾ, ಥಲಸ್ಸೇಮಿಯಾ, ಪಾರ್ಕಿನ್ಸನ್ ಎಲ್ಲ ಅದರಲ್ಲಿವೆ, ಕಿಡ್ನಿ ಕಾಯಿಲೆ ಇಲ್ಲ. ಡಯಾಲಿಸಿಸ್ ಆಗಲಿ, ಕಸಿ ಆಗಿರಲಿ, ಬರೀ ಕಿಡ್ನಿಯ ಹೆಸರಿನಲ್ಲಿ ವೈದ್ಯಕೀಯ ಮಂಡಳಿ ಶೇಕಡಾವಾರು ಬರೆಯುವುದಕ್ಕೆ ಅವಕಾಶವೇ ಇಲ್ಲ. ಯುಡಿಐಡಿ ಅರ್ಜಿಯಲ್ಲಿ ಆರಿಸಿಕೊಳ್ಳಲು ಆ ಹೆಸರೂ ಬರುವುದಿಲ್ಲ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಅದೇ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಸಿಕ್ಕಿಬೀಳುವುದು ರೋಗಿಯೇ, ದಲ್ಲಾಳಿ ಅಲ್ಲ.

ಆ 10,000 ಆಂಧ್ರಪ್ರದೇಶದ ಯೋಜನೆ. ಕರ್ನಾಟಕದಲ್ಲಿ ಡಯಾಲಿಸಿಸ್‌ನವರಿಗೆಂದೇ ಮಾಸಿಕ ಪಿಂಚಣಿ ಇಲ್ಲ.

ಆದರೆ ನಿಮ್ಮ ಭಾವನವರಿಗೆ ಬೇರೆ ದಾರಿ ಇದೆ, ಅದು ಪೂರ್ತಿ ಕಾನೂನಿನ ದಾರಿ. ಸಕ್ಕರೆ ಕಾಯಿಲೆಯಿಂದ ಹೋದ ಕಣ್ಣು ಮತ್ತು ಕಾಲು ಎರಡೂ ಪಟ್ಟಿಯಲ್ಲಿವೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು 6/18ರವರೆಗೆ (ಬೇರೆಯವರಿಗೆ 18 ಮೀಟರ್‌ನಿಂದ ಕಾಣುವುದು 6 ಮೀಟರ್‌ನಿಂದ) ಕಂಡರೆ 30% ಅಷ್ಟೇ. ಸೌಲಭ್ಯಕ್ಕೆ ಬೇಕಾದದ್ದು 40%. ಬರೀ ಬೆರಳುಗಳಿಂದಲೂ 40 ಮುಟ್ಟುವುದಿಲ್ಲ. ಹಾಗಾಗಿ ಒಂದೊಂದನ್ನೇ ತೋರಿಸಿದವರು ಎರಡು ಸಲವೂ ವಾಪಸ್ ಬರುತ್ತಾರೆ. ಎರಡನ್ನೂ ಒಂದೇ ಅರ್ಜಿಯಲ್ಲಿ ತೋರಿಸಬೇಕು. ಆಗ ಮಂಡಳಿ ಸೂತ್ರದಂತೆ ಸೇರಿಸುತ್ತದೆ: ದೊಡ್ಡ ಅಂಕಿಯನ್ನು 90ರಿಂದ ಕಳೆದು, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ದೊಡ್ಡ ಅಂಕಿಗೆ ಕೂಡಿಸುವುದು. ಕಣ್ಣಿಗೆ 30, ಕಾಲಿಗೆ 20 ಬಂತೆಂದುಕೊಳ್ಳಿ. 60 × 20 ÷ 90 = 13.3, ಒಟ್ಟು 43%. ನೇರವಾಗಿ ಕೂಡಿಸಿ 50 ಎಂದು ನಿರೀಕ್ಷಿಸಬೇಡಿ.

ಅರ್ಜಿ ಹಾಕುವುದು ಯುಡಿಐಡಿಯ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೋ, ಸಹಿ, ವಿಳಾಸದ ದಾಖಲೆ ಸಾಕು. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು), ತಾಲ್ಲೂಕು ಪಂಚಾಯಿತಿಯಲ್ಲಿರುವ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದಕ್ಕೆಂದೇ ಇರುವವರು, ಹಣ ಕೊಡಬೇಕಿಲ್ಲ. ತಪಾಸಣೆಗೆ ಹೋಗುವಾಗ ಕನ್ನಡಕ ಹಾಕಿಕೊಂಡೇ ಹೋಗಲಿ, ಏಕೆಂದರೆ ಕನ್ನಡಕದಿಂದ ಎಷ್ಟು ಕಾಣುತ್ತದೆ ಎಂಬುದೇ ಲೆಕ್ಕ. ಕಣ್ಣಿಗೆ ಲೇಸರ್ ಅಥವಾ ಆಪರೇಷನ್ ಇನ್ನೂ ನಡೆಯುವುದಿದ್ದರೆ ಅದು ಮುಗಿದ ಮೇಲೆ ಹೋಗುವುದು ಒಳ್ಳೆಯದು. ಡಯಾಲಿಸಿಸ್ ಇಲ್ಲದ ದಿನ ನೋಡಿಕೊಳ್ಳಿ.

ಕಾರ್ಮಿಕ_ಕೈಪಿಡಿ:
ಮೇಲಿನವರು ಹೇಳಿದ್ದು ಸರಿ. ಆದರೆ ಆರು ವರ್ಷ ಇಎಸ್‌ಐ ಕಟ್ಟಿದವರು ಮೊದಲು ಓಡಬೇಕಾದ್ದು ಇಎಸ್‌ಐ ಡಿಸ್ಪೆನ್ಸರಿಗೆ. ದೊಡ್ಡ ದುಡ್ಡು ಇರುವುದು ಅಲ್ಲಿ. ರಾಜೀನಾಮೆ ಕೊಡಿಸಬೇಡಿ.

ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ವರ್ಷಕ್ಕೆ 91 ದಿನ, ದಿನದ ಸರಾಸರಿ ಕೂಲಿಯ 70%. ಅದು ಮುಗಿದ ಮೇಲೆ 34 ದೀರ್ಘ ಕಾಯಿಲೆಗಳಿಗೆ 'ವಿಸ್ತರಿತ ಕಾಯಿಲೆ ಭತ್ಯೆ' ಇದೆ, ಕೂಲಿಯ 80%, ಗರಿಷ್ಠ ಎರಡು ವರ್ಷ. ಆ 34ರಲ್ಲಿ ಕ್ರಾನಿಕ್ ರೀನಲ್ ಫೇಲ್ಯೂರ್ (ದೀರ್ಘಕಾಲದ ಕಿಡ್ನಿ ವೈಫಲ್ಯ) ಎಂದು ಹೆಸರು ಹಾಕಿಯೇ ಇದೆ. ಷರತ್ತು ಎರಡು: ಸತತ ಎರಡು ವರ್ಷದ ಕೆಲಸ, ಮತ್ತು ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) ಒಟ್ಟು 156 ದಿನದ ವಂತಿಗೆ. ದಿನದ ಸರಾಸರಿ 500 ಎಂದು ಲೆಕ್ಕ ಬಿದ್ದರೆ ಮೊದಲು ದಿನಕ್ಕೆ 350, ಆಮೇಲೆ 400 ರೂಪಾಯಿ.

ಹಣ ನಿಲ್ಲುವುದು ಎಲ್ಲಿ ಅಂದರೆ, ಹೆಚ್ಚಾಗಿ ಸರ್ಟಿಫಿಕೇಟಿನ ನಡುವಿನ ಖಾಲಿ ದಿನಗಳಲ್ಲಿ. ಡಯಾಲಿಸಿಸ್ ಎಲ್ಲೇ ಮಾಡಿಸಲಿ, ರಜೆಯ ಸರ್ಟಿಫಿಕೇಟು ಬರೆಯಬೇಕಾದವರು ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರು. ಒಂದರ ಕೊನೆಯ ದಿನಕ್ಕೂ ಮುಂದಿನದರ ಮೊದಲ ದಿನಕ್ಕೂ ಅಂತರ ಬಿದ್ದರೆ ಆ ದಿನಗಳ ಹಣ ಹೋಯಿತು. ಪ್ರತಿಯೊಂದನ್ನೂ ಬ್ರಾಂಚ್ ಆಫೀಸಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಡುವೆ ಕೆಲಸಕ್ಕೆ ಹೋಗಿ ಸಂಬಳ ಪಡೆದ ದಿನಕ್ಕೆ ಭತ್ಯೆ ಇಲ್ಲ, ಹಾಜರಿ ಪುಸ್ತಕದಲ್ಲಿ ಅದು ಗೊತ್ತಾಗುತ್ತದೆ.

ಎರಡನೆಯ ತೊಡಕು ಕಾಯಿಲೆಯ ಹೆಸರಿನದು. ಮೊದಲ ಸಲ ಅಡ್ಮಿಟ್ ಆದಾಗಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟೋ ಸಲ 'ಅಕ್ಯೂಟ್ ಕಿಡ್ನಿ ಇಂಜುರಿ' (ಕಿಡ್ನಿಗೆ ದಿಢೀರನೆ ಆದ ಹಾನಿ) ಎಂದಿರುತ್ತದೆ. ಅದು ದೀರ್ಘ ಕಾಯಿಲೆಯ ಪಟ್ಟಿಯಲ್ಲಿ ಇಲ್ಲ. ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಹತ್ತಿರ ಕಾಯಿಲೆ ಕ್ರಾನಿಕ್ ಎಂದು ಸ್ಪಷ್ಟವಾಗಿರುವ ಹೊಸ ಪತ್ರ ಬರೆಸಿ.

ಹೇಮಾವತಿ_ದಡ:
ತುಂಬಾ ಉಪಕಾರ ಆಯ್ತು. ರಾಜೀನಾಮೆ ಪತ್ರ ಬರೆದಿಟ್ಟಿದ್ದರು, ಅಕ್ಕನಿಗೆ ಫೋನ್ ಮಾಡಿ ನಿಲ್ಲಿಸಿದೆ. ಪತ್ರದಲ್ಲಿ ಏನೇನು ಇರಬೇಕು? ಬೆಂಗಳೂರಿಗೆ ಕಸಿ ವಿಚಾರಕ್ಕೆ ಹೋಗಬೇಕಾಗಬಹುದು, ಆ ಖರ್ಚಿಗೆ ಏನಾದರೂ ಇದೆಯಾ? 43% ಬಂದರೆ ಪಿಂಚಣಿ ಎಷ್ಟು?

ಕಾಫಿ_ಕಣ (ಚಿಕ್ಕಮಗಳೂರು):
ಪತ್ರದಲ್ಲಿ 'ಕಿಡ್ನಿ ತೊಂದರೆ' ಎಂದಷ್ಟೇ ಇದ್ದರೆ ಯಾವ ಕಚೇರಿಗೂ ಸಾಲದು. ಕ್ರಾನಿಕ್ ಕಿಡ್ನಿ ಡಿಸೀಸ್, 5ನೇ ಹಂತ, ಇಂಥ ತಾರೀಖಿನಿಂದ ವಾರಕ್ಕೆ ಮೂರು ಸಲ ತಲಾ ನಾಲ್ಕು ಗಂಟೆ ಹೀಮೋಡಯಾಲಿಸಿಸ್, ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಜೋಡಿಸಿದ ರಕ್ತನಾಳ) ಇದೆ, ಎಷ್ಟು ಕಾಲ ಕೆಲಸ ಮಾಡಲಾಗದು, ಇಷ್ಟೂ ಬರಬೇಕು. ಕೆಳಗೆ ವೈದ್ಯರ ನೋಂದಣಿ ಸಂಖ್ಯೆ, ಮೊಹರು. ಜೊತೆಗೆ ಮೂರು ತಿಂಗಳಿಗಿಂತ ಹೆಚ್ಚು ಅಂತರವಿರುವ ಎರಡು ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತದೆ ಎಂಬ ಅಂಕಿ) ರಿಪೋರ್ಟ್ ಇಡಿ. 15ಕ್ಕಿಂತ ಕಡಿಮೆ ಎಂದರೆ 5ನೇ ಹಂತ, ಮೂರು ತಿಂಗಳು ದಾಟಿದರೇ 'ಕ್ರಾನಿಕ್'. ಡಯಾಲಿಸಿಸ್ ಘಟಕದ ಹಾಜರಿ ಪುಟಗಳ ಜೆರಾಕ್ಸ್ ಕೂಡ ಬೇಕು. ಆಧಾರ್, ಬ್ಯಾಂಕ್, ಇಎಸ್‌ಐ ಮೂರರಲ್ಲೂ ಇನಿಷಿಯಲ್ ಒಂದೇ ತರ ಇದೆಯಾ ನೋಡಿಕೊಳ್ಳಿ. ಒಂದಕ್ಷರಕ್ಕೆ ಅರ್ಜಿ ವಾಪಸ್ ಬರುತ್ತದೆ.

ರೈಲಿಗೆ ಅಂಗವಿಕಲ ಕಾರ್ಡ್ ಬೇಡವೇ ಬೇಡ. ಡಯಾಲಿಸಿಸ್ ಅಥವಾ ಕಸಿಗೆ ಹೋಗುವ ಕಿಡ್ನಿ ರೋಗಿಗೂ ಜೊತೆಯ ಒಬ್ಬರಿಗೂ ಸೆಕೆಂಡ್ ಕ್ಲಾಸ್, ಸ್ಲೀಪರ್, ಎಸಿ ಚೇರ್ ಕಾರ್, ಎಸಿ ಮೂರು ಟಯರ್‌ನಲ್ಲಿ 75%, ಎಸಿ ಎರಡು ಟಯರ್‌ನಲ್ಲಿ 50% ರಿಯಾಯಿತಿ. ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲೇ ಬರೆದುಕೊಡಬೇಕು, ಲೆಟರ್‌ಹೆಡ್ ನಡೆಯದು. ಟಿಕೆಟ್ ನಿಲ್ದಾಣದ ಕೌಂಟರಿನಲ್ಲೇ ತೆಗೆಯಬೇಕು.

ಸರ್ಕಾರಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಉಚಿತ. ಖಾಸಗಿಯಲ್ಲಿ ಮಾಡಿಸುತ್ತಿದ್ದರೆ ಇಎಸ್‌ಐ ರೆಫರಲ್ ತೆಗೆದುಕೊಂಡು ಅವರ ಒಪ್ಪಂದದ ಆಸ್ಪತ್ರೆಗೆ ಬದಲಾಯಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ಗೆ ವರ್ಷಕ್ಕೆ 5 ಲಕ್ಷ. ನಿಮ್ಮ ಎಪಿಎಲ್‌ಗೆ ಪ್ಯಾಕೇಜ್ ದರದ 30% ಮಾತ್ರ, ಮಿತಿ 1.5 ಲಕ್ಷ. ದಾನಿ ಮನೆಯಲ್ಲಿ ಇಲ್ಲದಿದ್ದರೆ ಕಸಿ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ (ಮೃತರು ದಾನ ಮಾಡಿದ ಅಂಗಗಳನ್ನು ಹಂಚುವ ರಾಜ್ಯದ ಸಂಸ್ಥೆ) ಹೆಸರು ನೋಂದಾಯಿಸಿ. ಇದನ್ನು ಮಾತ್ರ ಮುಂದೂಡಬೇಡಿ.

ಪುನರ್ವಸತಿ_ಕಡತ:
ಪಿಂಚಣಿ ವಿಚಾರ: 40ರಿಂದ 75%ರೊಳಗೆ ತಿಂಗಳಿಗೆ 800, 75% ಮತ್ತು ಮೇಲೆ 1,400 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಆದರೆ ಕುಟುಂಬದ ವಾರ್ಷಿಕ ಆದಾಯ 32,000 ಮೀರಬಾರದು, 15,000 ಸಂಬಳದ ದಾಖಲೆ ಇರುವವರೆಗೆ ಅದು ಆಗುವ ಮಾತಲ್ಲ. ಹಾಗೆಂದು ಯುಡಿಐಡಿ ಬಿಡಬೇಡಿ. ಕೆಎಸ್‌ಆರ್‌ಟಿಸಿಯಲ್ಲಿ ಮನೆಯಿಂದ 100 ಕಿ.ಮೀ. ಒಳಗೆ ಓಡಾಡಲು ಅಂಗವಿಕಲರ ರಿಯಾಯಿತಿ ಪಾಸ್ ಸಿಗುತ್ತದೆ. ಸಕಲೇಶಪುರದಿಂದ ಹಾಸನಕ್ಕೆ ವಾರಕ್ಕೆ ಮೂರು ಸಲ ಬಂದು ಹೋಗುವವರಿಗೆ ಅದು ಸಣ್ಣ ಉಳಿತಾಯವಲ್ಲ. ಅಕ್ಕನವರಿಗೆ ಶಕ್ತಿ ಯೋಜನೆ ಇದ್ದೇ ಇದೆ.

ಇನ್ನೊಂದು: ಎಡಗಣ್ಣನ್ನು ಕಾಲಕಾಲಕ್ಕೆ ತೋರಿಸುತ್ತಿರಿ, ರೆಟಿನಾ ತಪಾಸಣೆ ತಪ್ಪಿಸಬೇಡಿ. ಅದೂ ಕನ್ನಡಕ ಹಾಕಿ 6/24ಕ್ಕೆ ಇಳಿದರೆ ಕಣ್ಣೊಂದರಿಂದಲೇ 40 ದಾಟುತ್ತದೆ, ಆಗ ಮರುತಪಾಸಣೆಗೆ ಅರ್ಜಿ ಹಾಕಬಹುದು. ಆದರೆ ಅದಕ್ಕಿಂತ ಮುಖ್ಯವಾಗಿ, ಆ ಕಣ್ಣು ಉಳಿಯಬೇಕು.

ಕಾರ್ಮಿಕ_ಕೈಪಿಡಿ:
ಇಎಸ್‌ಐ ಕಡತಕ್ಕೆ ಹೋಗುವ ಮುನ್ನ ಕಾರ್ಖಾನೆಯ ಎಚ್‌ಆರ್‌ನಿಂದ ವಂತಿಗೆಯ ವಿವರ ತೆಗೆದುಕೊಳ್ಳಿ. ಸಂಬಳದಲ್ಲಿ ಹಿಡಿದು ಕಟ್ಟದೇ ಬಿಟ್ಟ ತಿಂಗಳಿದ್ದರೆ ಈಗಲೇ ಗೊತ್ತಾಗಲಿ. ಹಾಗಿದ್ದರೆ ಸಂಬಳದ ಚೀಟಿಗಳ ಸಮೇತ ಬ್ರಾಂಚ್ ಮ್ಯಾನೇಜರಿಗೆ ಬರವಣಿಗೆಯಲ್ಲಿ ದೂರು ಕೊಡಿ.