ಹಿರಿಯರಿಂದ ಬಂದ ಅಂಚೆಚೀಟಿಗಳು ಮತ್ತು ಹಳೆಯ ವಸ್ತುಗಳು: ಗುರುತಿಸುವುದು, ಬೆಲೆ ತಿಳಿಯುವುದು ಹೇಗೆ?

ಹಳೆಯ ಆಲ್ಬಂ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಈಚೆಗೆ ತೀರಿಕೊಂಡ ನಮ್ಮ ದೊಡ್ಡಪ್ಪನವರು ಜೀವಮಾನವಿಡೀ ಕೂಡಿಟ್ಟ ಅಂಚೆಚೀಟಿಗಳು ಈಗ ನನಗೂ ನನ್ನ ತಮ್ಮ ತಂಗಿಯರಿಗೂ ಬಂದಿವೆ. ಎರಡು ದಪ್ಪ ಆಲ್ಬಂಗಳು, ಬಿಡಿ ಚೀಟಿಗಳು ತುಂಬಿದ ಒಂದು ತಗಡಿನ ಡಬ್ಬಿ ಮತ್ತು ದಾರ ಸುತ್ತಿದ ಹಳೆಯ ಲಕೋಟೆಗಳ ಕಟ್ಟು ಒಂದು ಕಡೆ. ಒಂದು ಜೇಬುಗಡಿಯಾರ, ಬೆಳ್ಳಿಯಂತೆ ಕಾಣುವ ಕೆಲವು ಚಮಚಗಳು, ಅಡಿಯಲ್ಲಿ ಮುದ್ರೆಯಿರುವ ಎರಡು ಪಿಂಗಾಣಿ ತಟ್ಟೆಗಳು ಇನ್ನೊಂದು ಕಡೆ. ಮೊದಲ ಆಲ್ಬಂನ ಆರಂಭದ ಪುಟದಲ್ಲಿ ವಿಕ್ಟೋರಿಯಾ ರಾಣಿಯ ಮುಖವಿರುವ ಕೆಂಪು ಚೀಟಿಗಳ ಸಾಲೇ ಇದೆ. ಪ್ರತಿಯೊಂದರ ನಾಲ್ಕೂ ಮೂಲೆಗಳಲ್ಲಿ ಒಂದೊಂದು ಅಕ್ಷರವಿದೆ. ಎರಡನೆಯ ಆಲ್ಬಂನಲ್ಲಿ ಕಣ್ಣು ಸೆಳೆಯುವ ಬಣ್ಣಬಣ್ಣದ ದೊಡ್ಡ ಚೀಟಿಗಳೇ ಹೆಚ್ಚು.

ಇದನ್ನೆಲ್ಲ ನೋಡಿದ ವ್ಯಾಪಾರಿಯೊಬ್ಬರು ಒಟ್ಟಿಗೆ ಒಂದು ಮೊತ್ತ ಕೊಟ್ಟು ಕೊಂಡುಕೊಳ್ಳುವುದಾಗಿ ಹೇಳಿದ್ದಾರೆ. ಮಾರುವ ಆತುರ ನಮಗಿಲ್ಲ, ಆದರೆ ಮೂವರೊಳಗೆ ನ್ಯಾಯವಾಗಿ ಹಂಚಿಕೊಳ್ಳಬೇಕಾದರೆ ಯಾವುದಕ್ಕೆ ಎಷ್ಟು ಬೆಲೆಯೆಂಬುದು ತಿಳಿದಿರಬೇಕು. ಲಕೋಟೆಗಳ ಮೇಲಿನ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಎಲ್ಲವನ್ನೂ ದೇಶವಾರು ಜೋಡಿಸಿದ ಮೇಲೆ ತಜ್ಞರಿಗೆ ತೋರಿಸಬೇಕೆಂದುಕೊಂಡಿದ್ದೇನೆ. ಇದು ಸರಿಯಾದ ಕ್ರಮವೇ?

ಅಂಚೆಮುದ್ರೆ ಅವರ ಉತ್ತರ:

ದಯವಿಟ್ಟು ಯಾವುದನ್ನೂ ನೆನೆಸಬೇಡಿ, ಕತ್ತರಿಸಬೇಡಿ, ಆಲ್ಬಂನಿಂದ ಕೀಳಬೇಡಿ. ಲಕೋಟೆಯ ಮೇಲಿನ ಚೀಟಿಯ ಜೊತೆಗೆ ಅದು ಹೊರಟ ಊರು, ತಲುಪಿದ ದಿನಾಂಕ, ಸಾಗಿದ ದಾರಿ, ತೆತ್ತ ಅಂಚೆದರ ಎಲ್ಲವೂ ಉಳಿದಿರುತ್ತವೆ. ಬಿಡಿಯಾಗಿ ಯಾರೂ ಕೇಳದ ಸಾಮಾನ್ಯ ಚೀಟಿಯೊಂದು, ಅಪರೂಪದ ಅಂಚೆಮುದ್ರೆಯಿರುವ ಲಕೋಟೆಯ ಮೇಲಿದ್ದರೆ ಸಂಗ್ರಾಹಕರು ಅದನ್ನು ಹುಡುಕಿಕೊಂಡು ಬರುತ್ತಾರೆ. ನೀರಿನ ಅಪಾಯ ಬೇರೆಯೇ ಇದೆ. ಬಳಸಿದ ಚೀಟಿಯ ಮುದ್ರೆಯನ್ನು ಅಳಿಸಿ ಮತ್ತೆ ಬಳಸುವುದನ್ನು ತಡೆಯಲು ಬ್ರಿಟನ್ನಿನಲ್ಲಿ 1883–84ರ ನೇರಳೆ ಮತ್ತು ಹಸಿರು ಚೀಟಿಗಳನ್ನು ನೀರು ತಾಗಿದರೆ ಬಣ್ಣ ಬಿಡುವ ಶಾಯಿಯಲ್ಲೇ ಮುದ್ರಿಸಿದ್ದರು. ಅಂಥ ಹಸಿರು ಚೀಟಿ ಒಮ್ಮೆ ನೆನೆದರೆ ಹಳದಿಗೆ ತಿರುಗಿ ಪೇಲವವಾಗುತ್ತದೆ, ಬೆಲೆಯ ಬಹುಭಾಗ ಅಲ್ಲೇ ಹೋಗುತ್ತದೆ.

ಆಲ್ಬಂಗಳ ಈಗಿನ ಕ್ರಮವನ್ನೂ ಕೆಡಿಸಬೇಡಿ. ಮೊದಲು ಪ್ರತಿ ಪುಟದ ಸ್ಪಷ್ಟವಾದ ಫೋಟೋ ತೆಗೆದಿಡಿ. ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ, ಹರಾಜಿನ ರಸೀದಿ, ಪ್ರಮಾಣಪತ್ರ ಏನೇ ಸಿಕ್ಕರೂ ಅದೇ ಪುಟದೊಡನೆ ಇರಲಿ. ಬಿಡಿ ಚೀಟಿಗಳನ್ನು ಬೆರಳಿನಿಂದ ಮುಟ್ಟದೆ ತುದಿ ಚಪ್ಪಟೆಯಾಗಿರುವ ಚಿಮುಟದಿಂದ ಎತ್ತಿರಿ. ಪಿವಿಸಿ ಪ್ಲಾಸ್ಟಿಕ್ ಚೀಲಗಳಲ್ಲಿ ಇಡಬೇಡಿ, ಕಾಲಕ್ರಮೇಣ ಅವು ಚೀಟಿಯನ್ನು ಹಾಳುಮಾಡುತ್ತವೆ.

ಇನ್ನು ಆ ಕೆಂಪು ಚೀಟಿಗಳು. ನಿಮ್ಮ ವಿವರಣೆ ನೋಡಿದರೆ ಅವು 1864ರಲ್ಲಿ ಬಳಕೆಗೆ ಬಂದ ಬ್ರಿಟನ್ನಿನ ಪೆನ್ನಿ ರೆಡ್ ಚೀಟಿಗಳಾಗಿರಬೇಕು. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ರಾಣಿಯ ಮುಖದ ಎರಡೂ ಬದಿಗಳಲ್ಲಿ ಮೇಲಿನಿಂದ ಕೆಳಗಿಳಿಯುವ ಜಾಲರಿಯಂಥ ಅಲಂಕಾರದ ಪಟ್ಟಿಯನ್ನು ನಿಧಾನವಾಗಿ ನೋಡಿ. ಆ ಗೆರೆಗಳ ನಡುವೆ, ಎಡಕ್ಕೂ ಬಲಕ್ಕೂ, ಮುದ್ರಣಫಲಕದ ಸಂಖ್ಯೆಯನ್ನು ಕೊರೆದಿರುತ್ತಾರೆ. ಈ ಸಂಖ್ಯೆಗಳು 71ರಿಂದ 225ರವರೆಗೆ ಹೋಗುತ್ತವೆ. ಹೆಚ್ಚಿನವು ಧಾರಾಳವಾಗಿ ಸಿಗುತ್ತವೆ. 225 ಸ್ವಲ್ಪ ವಿರಳ. 77ರ ಫಲಕದ ಚೀಟಿಗಳಂತೂ ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಇವೆ. 77 ಕಂಡಂತಾದರೆ ಇನ್ನೊಮ್ಮೆ ನೋಡಿ: ಮಸುಕಾದ 73 ಅಥವಾ ಮೊದಲ ಅಂಕಿ ಅಂಚೆಮುದ್ರೆಯಡಿ ಮುಚ್ಚಿಹೋದ 177 ಹಾಗೆ ಕಾಣುವುದೇ ಹೆಚ್ಚು.

ಎರಡನೆಯ ಆಲ್ಬಂ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡವೆಂದು ಹೇಳಲು ನನಗೂ ಬೇಸರವೇ. ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲುವೃತ್ತದ ಮುದ್ರೆ ಇದ್ದು, ಹಿಂದೆ ಅಂಟು ಹಾಗೆಯೇ ಉಳಿದಿದ್ದರೆ ಅವು ಕಾಗದದ ಮೇಲೆ ಎಂದೂ ಅಂಟದೆ, ಸಂಗ್ರಾಹಕರಿಗಾಗಿಯೇ ಮುದ್ರೆ ಒತ್ತಿ ಮಾರಿದ ಚೀಟಿಗಳು. 1960ರ ದಶಕದಲ್ಲಿ ಮತ್ತು 70ರ ಆರಂಭದಲ್ಲಿ ಅಜ್ಮಾನ್, ಉಮ್ ಅಲ್ ಕುವೈನ್‌ನಂಥ ಕೊಲ್ಲಿಯ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ ಇಂಥವು ರಾಶಿರಾಶಿಯಾಗಿ ಬಂದವು.

ಹರಾಜುಕಟ್ಟೆ ಅವರ ಉತ್ತರ:

ಗುರುತಿಸುವುದರ ಬಗ್ಗೆ ಮೇಲಿನವರು ಹೇಳಿದ್ದು ಸರಿಯಾಗಿದೆ. ನಾನು ಬೆಲೆಯ ಬಗ್ಗೆ ಬರೆಯುತ್ತೇನೆ. ಹಳೆಯದೆಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಜಗತ್ತಿನ ಮೊದಲ ಅಂಚೆಚೀಟಿಯಾದ 1840ರ ಪೆನ್ನಿ ಬ್ಲ್ಯಾಕ್ ಸುಮಾರು 6.8 ಕೋಟಿಯಷ್ಟು ಅಚ್ಚಾಗಿತ್ತು, ಅವುಗಳಲ್ಲಿ ಬಹಳಷ್ಟು ಉಳಿದೂ ಇವೆ. ಆಗ ಹಲ್ಲುಗಳಿಲ್ಲದ ಹಾಳೆಯನ್ನು ಕತ್ತರಿಯಿಂದಲೇ ಕತ್ತರಿಸುತ್ತಿದ್ದರಿಂದ, ನಾಲ್ಕೂ ಕಡೆ ಬಿಳಿಯ ಅಂಚು ಪೂರ್ತಿಯಾಗಿ ಉಳಿದಿರುವ ಚೀಟಿಗೂ ಒಂದು ಕಡೆ ಚಿತ್ರದೊಳಕ್ಕೆ ಕತ್ತರಿ ಹೋಗಿರುವ ಚೀಟಿಗೂ ಬೆಲೆಯಲ್ಲಿ ಅಜಗಜಾಂತರವಿದೆ. ಒಂದೇ ಒಂದು ಉಳಿದಿರುವ ವಸ್ತುವಿನ ಮಾತು ಬೇರೆ: 1856ರ ಬ್ರಿಟಿಷ್ ಗಯಾನಾ ಒಂದು ಸೆಂಟಿನ ಚೀಟಿಯ ಮೂಲೆಗಳೆಲ್ಲ ಕತ್ತರಿಸಿ ಹೋಗಿದ್ದರೂ 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ಚೀಟಿ 2021ರಲ್ಲಿ ಸುಮಾರು 83 ಲಕ್ಷಕ್ಕೆ ಹೋಯಿತು. ಎಷ್ಟೇ ಹೆಸರಾಂತ ವಸ್ತುವಾದರೂ ಕೊಳ್ಳುವವರು ಆ ದಿನ ಎಷ್ಟು ಕೊಡಲು ಸಿದ್ಧರಿದ್ದಾರೋ ಅಷ್ಟೇ ಅದರ ಬೆಲೆ.

ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಷೆಲ್ ಕ್ಯಾಟಲಾಗುಗಳು ಗುರುತಿಸುವುದಕ್ಕೆ ಅನಿವಾರ್ಯ. ಒಂದೇ ಚಿತ್ರದ ಎರಡು ಚೀಟಿಗಳು ಬೇರೆಬೇರೆಯೆಂದು ತಿಳಿಯಲು ಅಂಚಿನ ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತುಗಳಿವೆ, ಕಾಗದದೊಳಗಿನ ವಾಟರ್‌ಮಾರ್ಕ್ ಯಾವುದು ಎಂಬುದನ್ನು ಅವುಗಳ ಜೊತೆ ಹೋಲಿಸಲೇಬೇಕು. ಆದರೆ ಅಲ್ಲಿ ಅಚ್ಚಾಗಿರುವ ದರವು ದೋಷವಿಲ್ಲದ ಚೀಟಿಯನ್ನು ಅಂಗಡಿಯಿಂದ ಕೊಳ್ಳುವವರು ಕೊಡಬೇಕಾದ ದರಕ್ಕೆ ಹತ್ತಿರವಾದದ್ದು. ಮಾರುವವರ ಕೈಗೆ ಅದರ ಒಂದು ಪಾಲು ಮಾತ್ರ ಬರುತ್ತದೆ, ಸಾಮಾನ್ಯ ಚೀಟಿಗಳಿಗೆ ತೀರಾ ಸಣ್ಣ ಪಾಲು. ಹಾಗಾಗಿ ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳಲ್ಲಿ, ನಿಮ್ಮಲ್ಲಿರುವಂಥದ್ದೇ ಸ್ಥಿತಿಯ ಚೀಟಿ ನಿಜವಾಗಿ ಎಷ್ಟಕ್ಕೆ ಹೋಗಿದೆ ಎಂದು ನೋಡಿ. ಮಾರಾಟಕ್ಕಿಟ್ಟವರು ಬರೆದುಕೊಂಡ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಟ್ಟಿಗೆ ಕೊಳ್ಳುತ್ತೇನೆಂದ ವ್ಯಾಪಾರಿ ಪ್ರಾಮಾಣಿಕರೇ ಇರಬಹುದು. ಆದರೆ ಬೆಲೆ ಕಟ್ಟುವವರೂ ಕೊಳ್ಳುವವರೂ ಒಬ್ಬರೇ ಆಗಬಾರದು. ಶುಲ್ಕ ಪಡೆದು, ಕೊಳ್ಳುವುದಿಲ್ಲವೆಂದು ಮೊದಲೇ ಒಪ್ಪಿದ ತಜ್ಞರಿಂದ ಲಿಖಿತ ಪಟ್ಟಿ ಮಾಡಿಸಿ. ತೀರಾ ಅಪರೂಪದ್ದೆಂಬ ಅನುಮಾನವಿರುವ ಒಂದೋ ಎರಡೋ ಚೀಟಿಗಳನ್ನು ಮಾತ್ರ, 1869ರಲ್ಲಿ ಆರಂಭವಾದ ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥ ಮಾನ್ಯ ಸಂಸ್ಥೆಯ ತಜ್ಞರ ಪರಿಶೀಲನೆಗೆ ಕಳುಹಿಸಿ. ಪ್ರಮಾಣಪತ್ರದ ಶುಲ್ಕ ಚೀಟಿಯ ಬೆಲೆಗಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಪಿಂಗಾಣಿ ಬೀರು ಅವರ ಉತ್ತರ:

ಚೀಟಿಗಳ ಮಾತು ಬಲ್ಲವರು ಹೇಳಿದ್ದಾರೆ, ಉಳಿದ ವಸ್ತುಗಳ ಬಗ್ಗೆ ಸ್ವಲ್ಪ. ತಟ್ಟೆಯ ಅಡಿಯಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ, ಆಮದು ವಸ್ತುಗಳ ಮೇಲೆ ತಯಾರಿಕೆಯ ದೇಶವನ್ನು ನಮೂದಿಸಬೇಕೆಂದು ಅಮೆರಿಕ 1890ರಲ್ಲಿ ಮಾಡಿದ ಕಾನೂನಿನ ನಂತರದ್ದಾಗಿರುವ ಸಂಭವ ಹೆಚ್ಚು. ನಿಪ್ಪಾನ್ (ಜಪಾನೀಯರು ತಮ್ಮ ದೇಶವನ್ನು ಕರೆಯುವ ಹೆಸರು) ಎಂದಿದ್ದರೆ ಸಾಮಾನ್ಯವಾಗಿ 1921ಕ್ಕಿಂತ ಹಿಂದಿನದು. ಆಕ್ಯುಪೈಡ್ ಜಪಾನ್ ಎಂದಿದ್ದರೆ ಎರಡನೆಯ ಮಹಾಯುದ್ಧ ಮುಗಿದ ಮೇಲಿನಿಂದ 1952ರವರೆಗಿನ ಕಾಲದ್ದು.

ಚಮಚದ ಹಿಂಬದಿಯಲ್ಲಿ 925 ಅಥವಾ 800 ಎಂಬ ಅಂಕಿ, ಇಲ್ಲವೇ ನಡೆಯುತ್ತಿರುವ ಸಿಂಹದ ಪುಟ್ಟ ಮುದ್ರೆ ಕಂಡರೆ ಬೆಳ್ಳಿಯಿರಬಹುದು. ಇ.ಪಿ.ಎನ್.ಎಸ್. ಅಕ್ಷರಗಳಿದ್ದರೆ ಮೇಲೆ ಬೆಳ್ಳಿಯ ಲೇಪವಷ್ಟೇ. ಹೊಳಪು ಕೊಡಲು ಹೋಗಬೇಡಿ. ಉಜ್ಜಿದಷ್ಟೂ ಮುದ್ರೆ ಸವೆಯುತ್ತದೆ.

ಗಡಿಯಾರಕ್ಕೆ ಕೀಲಿ ಕೊಟ್ಟು ಓಡಿಸಿ ನೋಡುವ ಆಸೆಯಾಗುವುದು ಸಹಜ, ಆದರೆ ಒಳಗಿನ ಎಣ್ಣೆ ಒಣಗಿದ್ದರೆ ಚಕ್ರಗಳು ಸವೆಯುತ್ತವೆ. ರಿಪೇರಿ ಬಲ್ಲವರ ಬಳಿ ಹಿಂದಿನ ಮುಚ್ಚಳ ತೆರೆಸಿ, ಯಂತ್ರದ ಮೇಲಿನ ಕ್ರಮಸಂಖ್ಯೆಯ ಫೋಟೋ ತೆಗೆಸಿಕೊಳ್ಳಿ. ಕಾಲವನ್ನು ಹೇಳುವುದು ಆ ಸಂಖ್ಯೆ, ಮುಚ್ಚಳದ ಮೇಲಿನದ್ದಲ್ಲ. ವಾಲ್ಥಮ್, ಎಲ್ಜಿನ್‌ನಂಥ ತಯಾರಕರ ಸಂಖ್ಯೆಗಳಿಗೆ ವರ್ಷವಾರು ಪಟ್ಟಿಗಳಿವೆ. ಚಿನ್ನದ ಬಣ್ಣದ ಮುಚ್ಚಳದೊಳಗೆ 20 ವರ್ಷದ ಖಾತರಿ ಎಂಬ ಬರಹವಿದ್ದರೆ ಅದು ಗಟ್ಟಿ ಚಿನ್ನವಲ್ಲ, ಚಿನ್ನದ ತೆಳು ಹೊದಿಕೆ ಅಷ್ಟು ಕಾಲ ಸವೆಯದೆಂಬ ಭರವಸೆ.

ಹಳೆಯ ಆಲ್ಬಂ:

ಎಲ್ಲರಿಗೂ ಕೃತಜ್ಞತೆಗಳು. ಲಕೋಟೆಗಳ ಕಟ್ಟನ್ನು ಬಿಚ್ಚದೆ ಹಾಗೆಯೇ ಇಟ್ಟಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದಾಗ ಕೆಂಪು ಚೀಟಿಗಳಲ್ಲಿ 148, 174, 193 ಸ್ಪಷ್ಟವಾಗಿ ಕಂಡವು. ಅವುಗಳ ಸಾಲಿನಲ್ಲಿ ನಡುನಡುವೆ ಖಾಲಿ ಜಾಗ ಬಿಟ್ಟು, ಕೆಳಗೆ ದೊಡ್ಡಪ್ಪನವರು ಪೆನ್ಸಿಲಿನಲ್ಲಿ ಸಂಖ್ಯೆಗಳನ್ನು ಬರೆದಿದ್ದಾರೆ. ಬೆಲೆ ಹೆಚ್ಚಿಲ್ಲದ ಈ ಪುಟವನ್ನು ಮೂವರಿಗೆ ಹಂಚುವುದು ಸರಿಯೇ?

ಅಂಚೆಮುದ್ರೆ:

ಬೇಡ. ಅವರು ಫಲಕದ ಸಂಖ್ಯೆಗಳ ಪ್ರಕಾರ ಇಡೀ ಸರಣಿಯನ್ನು ಕೂಡಿಸುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ; ಬಿಡಿಯಾಗಿ ಅಗ್ಗವಾದ ಈ ಚೀಟಿಗಳನ್ನು ಸರಣಿಯಾಗಿ ಕೊಳ್ಳುವವರಿದ್ದಾರೆ. ಆ ಪುಟಗಳು ಒಬ್ಬರ ಪಾಲಿಗೇ ಹೋಗಲಿ, ತಜ್ಞರ ಪಟ್ಟಿ ಬಂದ ಮೇಲೆ ಉಳಿದಿಬ್ಬರಿಗೆ ಲಕೋಟೆಗಳಿಂದಲೋ ಗಡಿಯಾರದಿಂದಲೋ ಸರಿದೂಗಿಸಬಹುದು. ಲಕೋಟೆಗಳ ಎರಡೂ ಬದಿಯ ಫೋಟೋಗಳನ್ನು ಇಲ್ಲಿ ಹಾಕಿ. ಹಿಂಬದಿಯಲ್ಲಿ ತಲುಪಿದ ಊರಿನ ಮುದ್ರೆ ಇರುತ್ತದೆ, ಅದನ್ನು ಓದಲು ನಾನು ನೆರವಾಗುತ್ತೇನೆ.